ಪರದೆಯ ಬಣ್ಣಕ್ಕೊಂದು ಗುರುತಿನ ಚೀಟಿ



ಧರ್ಮಾವರದ ರೇಷ್ಮೆ ಸೀರೆಯನ್ನು ನೀವೆಲ್ಲ ಬಲ್ಲಿರಿ. ಅಂಥದೊಂದು ಸೀರೆಯ ಚಿತ್ರವನ್ನು ನೇಕಾರನೊಬ್ಬ ತನ್ನ ಮೊಬೈಲಿನಲ್ಲಿ ತೆಗೆದು ದೂರದ ಊರಿನ ಗಿರಾಕಿಗೆ ಕಳಿಸಿದನೆಂದು ಇಟ್ಟುಕೊಳ್ಳೋಣ. ಮಗ್ಗದ ಮೇಲಿರುವುದು ಕುಂಕುಮದ ಕೆಂಪು. ಗಿರಾಕಿಯ ಕಂಪ್ಯೂಟರಿನ ಪರದೆಯ ಮೇಲೆ ಕಾಣುವುದು ಮಾಸಲು ಇಟ್ಟಿಗೆಯ ಕೆಂಪು. ಆ ಗಿರಾಕಿ ಒಂದೋ ಬೇಡವೆನ್ನುತ್ತಾರೆ, ಇಲ್ಲವೇ ಅದೇ ಬಣ್ಣವೆಂದು ನಂಬಿ ತರಿಸಿಕೊಂಡು, ಪೊಟ್ಟಣ ಬಿಚ್ಚಿ ನೋಡಿ, "ನೀವು ತೋರಿಸಿದ್ದು ಇದಲ್ಲ" ಎಂದು ಹಿಂದಕ್ಕೆ ಕಳಿಸುತ್ತಾರೆ. ಹೋಗಿ ಬರುವ ಪಾರ್ಸಲ್ ಖರ್ಚು ನೇಕಾರನ ತಲೆಗೆ. ಮಡಿಕೆ ಬಿಚ್ಚಿದ ಸೀರೆಗೆ ಮೊದಲಿನ ಬೆಲೆಯೂ ಇಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೊಬೈಲು ಕಂಡದ್ದನ್ನು ಬರೆದುಕೊಂಡಿತು, ಕಂಪ್ಯೂಟರು ಬರೆದದ್ದನ್ನು ಓದಿತು. ನಡುವೆ ಬಣ್ಣ ಕೆಟ್ಟದ್ದು ಎಲ್ಲಿ? ಅದನ್ನೇ ಇಂದು ವಿಚಾರ ಮಾಡೋಣ.

ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದುಕೊಂಡು ನಿವೃತ್ತನಾದವನು. ಕಂಪ್ಯೂಟರ್ ಶಾಸ್ತ್ರದ ಪಂಡಿತನಲ್ಲ. ಆದರೆ ಈ ಬಣ್ಣದ ವ್ಯವಹಾರ ಬಗೆದು ನೋಡಿದರೆ ಕೊನೆಗೆ ಲೆಕ್ಕಪತ್ರದ ವ್ಯವಹಾರವೇ ಆಗಿರುವುದರಿಂದ ನನಗೆ ಇದರಲ್ಲಿ ರುಚಿ ಹುಟ್ಟಿತು.

ಮೊದಲು ಒಂದು ಮಾತಿನ ಉದಾಹರಣೆ. ಗಡಿ ಊರಿನವರಾದ ನಮಗೆ ಇದು ಬೇಗ ತಿಳಿಯುತ್ತದೆ. 'ಅವಸರ' ಎಂಬ ಶಬ್ದವನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಅದರ ಅರ್ಥ ತರಾತುರಿ. ಮಡಕಶಿರಾ, ರಾಯದುರ್ಗದ ಕಡೆ ತೆಲುಗಿನವರು 'ಅವಸರಂ' ಅಂದರೆ ಅದು ಬೇಕು, ಅಗತ್ಯವಿದೆ ಎಂದರ್ಥ. ಕಾಸರಗೋಡಿನ ಕಡೆ ಮಲಯಾಳದವರು 'ಅವಸರಂ' ಅಂದರೆ ಸಂದರ್ಭ, ಅವಕಾಶ ಎಂದರ್ಥ. ಒಂದು ಚೀಟಿಯ ಮೇಲೆ ಬರೀ 'ಅವಸರ' ಎಂದು ಬರೆದು ನಿಮ್ಮ ಕೈಗೆ ಕೊಟ್ಟರೆ ಏನೆಂದು ತಿಳಿಯುತ್ತೀರಿ? ಬರೆದವನ ಭಾಷೆ ಯಾವುದೆಂದು ಮೊದಲು ಕೇಳುತ್ತೀರಿ. ಆ ಭಾಷೆಯ ಹೆಸರು ಚೀಟಿಯ ಮೂಲೆಯಲ್ಲಿ ಬರೆದಿದ್ದರೆ ತಂಟೆಯಿಲ್ಲ. ಬರೆದಿಲ್ಲದಿದ್ದರೆ ಊಹೆಯೇ ಗತಿ.

ಕಂಪ್ಯೂಟರಿನಲ್ಲಿ ಬಣ್ಣವೆಂಬುದು ಇಂಥದೇ ಚೀಟಿ. ಚಿತ್ರವೆಂದರೆ ಸಾಲುಸಾಲಾಗಿ ಇಟ್ಟ ಚುಕ್ಕೆಗಳು. ಅಡ್ಡ 4000, ಉದ್ದ 3000 ಚುಕ್ಕೆಗಳಿದ್ದರೆ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಾದವು. ಪ್ರತಿ ಚುಕ್ಕೆಗೂ ಮೂರು ಅಂಕೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಒಂದೊಂದು ಅಂಕೆಯೂ ಸಾಮಾನ್ಯವಾಗಿ 0ಯಿಂದ 255ರ ಒಳಗೆ. 255, 0, 0 ಎಂದರೆ ತುಂಬಿದ ಕೆಂಪು, ಹಸಿರೂ ಇಲ್ಲ ನೀಲಿಯೂ ಇಲ್ಲ. ಹೀಗೆ ಒಟ್ಟು 1,67,77,216 ಬಣ್ಣಗಳನ್ನು ಬರೆಯಬಹುದು. ಕೇಳಲು ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ ಉಳಿಯಿತಲ್ಲ: ತುಂಬಿದ ಕೆಂಪು ಎಂದರೆ ಯಾವ ಕೆಂಪು? ನಿಮ್ಮ ಪರದೆಯೊಳಗಿನ ಕೆಂಪು ದೀಪ ಕೊಡಬಲ್ಲ ಅತಿ ಹೆಚ್ಚಿನ ಕೆಂಪು ಎಂದಷ್ಟೇ ಆ ಅಂಕೆ ಹೇಳುತ್ತದೆ. ನಿಮ್ಮ ಪರದೆಯ ಕೆಂಪು ದೀಪ ಬೇರೆ, ನನ್ನ ಪರದೆಯದು ಬೇರೆ. ಅಂಕೆ ಒಂದೇ, ಅರ್ಥ ಎರಡು.

ಈ ಅಂಕೆಗಳನ್ನು ಯಾವ ಭಾಷೆಯಲ್ಲಿ ಓದಬೇಕು ಎಂದು ತಿಳಿಸುವ ಚೀಟಿಗೆ ಕಲರ್ ಪ್ರೊಫೈಲ್ ಎನ್ನುತ್ತಾರೆ. 1993ರಲ್ಲಿ ಆಪಲ್, ಅಡೋಬಿ, ಕೊಡಕ್, ಮೈಕ್ರೋಸಾಫ್ಟ್ ಮೊದಲಾದ ಎಂಟು ಕಂಪನಿಗಳು ಸೇರಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ ಎಂಬ ಒಕ್ಕೂಟ ಕಟ್ಟಿಕೊಂಡು ಈ ಚೀಟಿಗೆ ಒಂದು ನಮೂನೆ ಮಾಡಿದವು. ಆದ್ದರಿಂದ ಇದಕ್ಕೆ ಐಸಿಸಿ ಪ್ರೊಫೈಲ್ ಎಂದೂ ಹೆಸರು. ನಮ್ಮ ಕ್ರಿಕೆಟ್ಟಿನ ಐಸಿಸಿಗೂ ಇದಕ್ಕೂ ಸಂಬಂಧವಿಲ್ಲ. ಅದಕ್ಕೆ ಮೊದಲು ಪ್ರತಿ ಕಂಪನಿಯೂ ತನ್ನದೇ ರೀತಿಯಲ್ಲಿ ಬಣ್ಣದ ಲೆಕ್ಕ ಇಡುತ್ತಿತ್ತು.

ಈ ಒಕ್ಕೂಟದವರು ಮಾಡಿದ ಜಾಣತನದ ಕೆಲಸ ಒಂದಿದೆ. ಇಪ್ಪತ್ತು ಯಂತ್ರಗಳಿವೆ ಎನ್ನಿ: ಕ್ಯಾಮೆರಾ, ಪರದೆ, ಪ್ರಿಂಟರ್ ಎಲ್ಲ ಸೇರಿ. ಒಂದರ ಬಣ್ಣವನ್ನು ಇನ್ನೊಂದಕ್ಕೆ ಹೇಳಲು ನೇರವಾಗಿ ಹೊರಟರೆ ಇಪ್ಪತ್ತನ್ನು ಹತ್ತೊಂಬತ್ತರಿಂದ ಗುಣಿಸಿ 380 ದುಭಾಷಿಗಳು ಬೇಕು. ಅದರ ಬದಲು ನಡುವೆ ಒಂದು ಸಾಮಾನ್ಯ ಭಾಷೆ ಇಟ್ಟರೆ? ಪ್ರತಿ ಯಂತ್ರವೂ ತನ್ನ ಬಣ್ಣವನ್ನು ಆ ಸಾಮಾನ್ಯ ಭಾಷೆಗೆ ಹೇಗೆ ತಿರುಗಿಸಬೇಕೆಂದು ತಿಳಿಸಿದರೆ ಸಾಕು, ಇಪ್ಪತ್ತು ಚೀಟಿಗಳಲ್ಲಿ ಕೆಲಸ ಮುಗಿಯಿತು. ಪರದೇಶಿ ಹಣದ ವಿನಿಮಯ ನೋಡಿದವರಿಗೆ ಇದು ಹೊಸದಲ್ಲ. ಒಂದು ದೇಶದ ಹಣವನ್ನು ಇನ್ನೊಂದು ದೇಶದ ಹಣಕ್ಕೆ ನೇರವಾಗಿ ಕೇಳುವವರು ಕಡಿಮೆ. ಡಾಲರಿಗೆ ಇಷ್ಟು, ಡಾಲರಿನಿಂದ ಅಷ್ಟು ಎಂದು ಲೆಕ್ಕ ಹಾಕುತ್ತಾರೆ.

ಆ ನಡುವಿನ ಭಾಷೆ ಎಲ್ಲಿಂದ ಬಂತು? ಯಂತ್ರದಿಂದ ಅಲ್ಲ, ಮನುಷ್ಯರ ಕಣ್ಣಿನಿಂದ. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಒಂದೇ ಬಗೆಯ ಪ್ರಯೋಗ ಮಾಡಿದರು. ಕಿಂಡಿಯ ಒಂದು ಅರ್ಧದಲ್ಲಿ ಒಂದು ಬಣ್ಣದ ಬೆಳಕು, ಇನ್ನೊಂದು ಅರ್ಧದಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳ ಬೆರಕೆ. ಎರಡೂ ಒಂದೇ ಎನಿಸುವ ತನಕ ನೋಡುವವನು ಗುಬ್ಬಿ ತಿರುಗಿಸಬೇಕು. ರೈಟ್ ಅವರ ಬಳಿ ಕುಳಿತು ನೋಡಿದವರು ಹತ್ತು ಮಂದಿ, ಗಿಲ್ಡ್ ಅವರ ಬಳಿ ಏಳು ಮಂದಿ. ಈ ಹದಿನೇಳು ಜನರ ಕಣ್ಣಿನ ಸರಾಸರಿಯ ಮೇಲೆ 1931ರಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಮಂಡಳಿ ಎಕ್ಸ್, ವೈ, ಜೆಡ್ ಎಂಬ ಮೂರು ಅಂಕೆಗಳ ಪದ್ಧತಿಯನ್ನು ನಿಶ್ಚಯ ಮಾಡಿತು. ಇಂದು ನಿಮ್ಮ ಜೇಬಿನ ಮೊಬೈಲಿನ ಬಣ್ಣದ ಲೆಕ್ಕ ನಿಂತಿರುವುದು ಆ ಹದಿನೇಳು ಜನರ ಕಣ್ಣಿನ ಮೇಲೆ. ನನಗಂತೂ ಇದು ದೊಡ್ಡ ಸೋಜಿಗ.

ಈಗ ಚೀಟಿಯನ್ನು ಬಿಚ್ಚಿ ನೋಡೋಣ. ಐಸಿಸಿ ಪ್ರೊಫೈಲಿನ ಮೊದಲ 128 ಬೈಟುಗಳು ಅದರ ತಲೆಬರಹ. ಬೈಟ್ ಎಂದರೆ 0ಯಿಂದ 255ರ ತನಕದ ಒಂದು ಅಂಕೆ ಹಿಡಿಸುವ ಮನೆ ಎಂದು ತಿಳಿಯಿರಿ. ಆ ತಲೆಬರಹದಲ್ಲಿ ಚೀಟಿಯ ಒಟ್ಟು ಉದ್ದ, ಆವೃತ್ತಿ, ಇದು ಯಾವ ಬಗೆಯ ಯಂತ್ರದ ಚೀಟಿ ಎಂಬ ಗುರುತು ಇರುತ್ತವೆ. ಪರದೆಯಾದರೆ ಎಂ-ಎನ್-ಟಿ-ಆರ್, ಪ್ರಿಂಟರಾದರೆ ಪಿ-ಆರ್-ಟಿ-ಆರ್, ಹೀಗೆ ನಾಲ್ಕಕ್ಷರದ ಸಂಕೇತ. ಇದು ನಿಜಕ್ಕೂ ಪ್ರೊಫೈಲೇ ಎನ್ನಲು 36 ಬೈಟು ಬಿಟ್ಟು ಮುಂದೆ ಎ-ಸಿ-ಎಸ್-ಪಿ ಎಂಬ ಮುದ್ರೆ ಇರಲೇಬೇಕು. ಆ ಮುದ್ರೆಯಿಲ್ಲದ್ದನ್ನು ಪಾಸು ಮಾಡುವಂತಿಲ್ಲ. ಆಮೇಲೆ ಒಂದು ಪರಿವಿಡಿ: ಯಾವ ಬಾಬ್ತು, ಎಲ್ಲಿಂದ ಶುರು, ಎಷ್ಟು ಉದ್ದ. ಒಂದೊಂದು ಬಾಬ್ತಿಗೂ 12 ಬೈಟಿನ ಒಂದು ಸಾಲು.

ಪರದೆಯ ಪ್ರೊಫೈಲಿನಲ್ಲಿ ಮುಖ್ಯವಾದ ಬಾಬ್ತುಗಳು ಬೆರಳೆಣಿಕೆಯಷ್ಟು. ಕೆಂಪು, ಹಸಿರು, ನೀಲಿ ದೀಪಗಳು ಒಂದೊಂದೂ ನಡುವಿನ ಭಾಷೆಯಲ್ಲಿ ಏನು ಎಂಬ ಮೂರು ಸಾಲು, ಬಿಳಿ ಎಂದರೆ ಯಾವ ಬಿಳಿ ಎಂಬ ಒಂದು ಸಾಲು, ಮತ್ತು ಅಂಕೆ ಏರಿದಂತೆ ಬೆಳಕು ಹೇಗೆ ಏರುತ್ತದೆ ಎಂಬ ಏರುಗೆರೆ. ಇಲ್ಲಿ ಲೆಡ್ಜರಿನವರಿಗೆ ಖುಷಿ ಕೊಡುವ ಒಂದು ತಾಳೆಯಿದೆ. ಎಸ್‌ಆರ್‌ಜಿಬಿ ಎಂಬ ಬಹು ಬಳಕೆಯ ಪ್ರೊಫೈಲಿನಲ್ಲಿ ವೈ ಎಂಬ ಅಂಕೆ, ಅಂದರೆ ಬೆಳಕಿನ ಪಾಲು, ಕೆಂಪಿಗೆ 0.2225, ಹಸಿರಿಗೆ 0.7169, ನೀಲಿಗೆ 0.0606. ಕೂಡಿಸಿ ನೋಡಿ, ಸರಿಯಾಗಿ 1.0000 ಬರುತ್ತದೆ. ಮೂರು ದೀಪ ಸೇರಿದರೆ ಬಿಳಿ ಎಂಬುದರ ಲೆಕ್ಕ ಇದು. ಬೆಳಕಿನಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಹಸಿರೇ ಹೊರುತ್ತದೆ, ನೀಲಿಯದು ಆರು ಪೈಸೆಯಷ್ಟು ಎಂಬುದನ್ನೂ ಗಮನಿಸಿ.

ದಶಮಾಂಶಗಳನ್ನು ಬರೆಯುವ ರೀತಿಯೂ ನೋಡತಕ್ಕದ್ದು. ನಾವು ರೂಪಾಯಿಯನ್ನು ನೂರು ಪೈಸೆ ಮಾಡಿದಂತೆ ಇವರು ಒಂದನ್ನು 65,536 ಪಾಲು ಮಾಡುತ್ತಾರೆ. 0.9642 ಎಂದು ಬರೆಯಬೇಕಾದಲ್ಲಿ 63,190 ಎಂದು ಬರೆಯುತ್ತಾರೆ. ಬಿಂದುವಿನ ಜಗಳವೇ ಇಲ್ಲ, ಎಲ್ಲ ಪೂರ್ಣಾಂಕ.

ಏರುಗೆರೆಯ ವಿಷಯ ಹಲವರಿಗೆ ಗೊಂದಲ. 255ರ ಅರ್ಧ 128, ಹಾಗಾದರೆ 128 ಎಂದರೆ ಅರ್ಧ ಬೆಳಕೇ? ಅಲ್ಲ. ಎಸ್‌ಆರ್‌ಜಿಬಿಯಲ್ಲಿ 128 ಎಂದರೆ ನೂರಕ್ಕೆ ಇಪ್ಪತ್ತೊಂದೂವರೆ ಪಾಲು ಬೆಳಕು ಮಾತ್ರ. ಅರ್ಧ ಬೆಳಕು ಬೇಕಾದರೆ ಸುಮಾರು 188 ಬರೆಯಬೇಕು. ಕಾರಣ ನಮ್ಮ ಕಣ್ಣು. ಕತ್ತಲ ಕೋಣೆಯಲ್ಲಿ ಒಂದು ಬುಡ್ಡಿ ಹಚ್ಚಿದರೆ ದೊಡ್ಡ ವ್ಯತ್ಯಾಸ ಕಾಣುತ್ತದೆ, ನಡುಹಗಲಿನಲ್ಲಿ ಹತ್ತು ಹಚ್ಚಿದರೂ ಗೊತ್ತಾಗುವುದಿಲ್ಲ. ಆದ್ದರಿಂದ ಮಬ್ಬಿನ ಕಡೆಗೆ ಹೆಚ್ಚು ಅಂಕೆಗಳನ್ನು ಮೀಸಲಿಟ್ಟಿದ್ದಾರೆ. ಬಣ್ಣದ ಲೆಕ್ಕ ಮಾಡುವಾಗ ಮೊದಲು ಅಂಕೆಯನ್ನು ನಿಜವಾದ ಬೆಳಕಿಗೆ ಇಳಿಸಬೇಕು, ಆಮೇಲೆ ಕೂಡುವುದು ಗುಣಿಸುವುದು. ನೇರ ಅಂಕೆಯನ್ನೇ ಗುಣಿಸಿದರೆ ಉತ್ತರ ತಪ್ಪುತ್ತದೆ.

ಇಷ್ಟು ಹೊತ್ತು ಚೀಟಿಯ ಮಾತಾಯಿತು. ಈಗ ಅದನ್ನು ಓದುವವರು ಯಾರು ನೋಡೋಣ. ಕಾರ್ಯಕ್ರಮ ಬರೆಯುವ ಹುಡುಗರು ಪ್ರತಿಯೊಂದನ್ನೂ ತಾವೇ ಬರೆಯುವುದಿಲ್ಲ. ಸಿದ್ಧ ಲೆಕ್ಕಗಳ ಕಟ್ಟು ಇರುತ್ತದೆ, ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಹೆಸರು ಲೈಬ್ರರಿಯಾದರೂ ಪುಸ್ತಕದ ಕಪಾಟಲ್ಲ. ಹಿಂದೆ ನಮ್ಮ ಮೇಜಿನ ಮೇಲೆ ಬಡ್ಡಿಯ ರೆಡಿ ರೆಕನರ್ ಇರುತ್ತಿತ್ತಲ್ಲ, ಅಸಲು, ದರ, ದಿನ ನೋಡಿದರೆ ಬಡ್ಡಿ ಸಿದ್ಧ, ಅಂಥದು. ಚಿತ್ರಗಳ ಕೆಲಸಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹೆಸರಾದದ್ದು ಪಿಲ್ಲೋ ಎಂಬ ಲೈಬ್ರರಿ. 1995ರಲ್ಲಿ ಫ್ರೆಡ್ರಿಕ್ ಲುಂಡ್ ಶುರು ಮಾಡಿದ ಪೈಥಾನ್ ಇಮೇಜಿಂಗ್ ಲೈಬ್ರರಿಯಿಂದ 2010ರಲ್ಲಿ ಕವಲೊಡೆದು ಬೆಳೆದದ್ದು ಇದು. ಬಣ್ಣದ ಭಾಷಾಂತರವನ್ನು ಅದು ತಾನೇ ಮಾಡುವುದಿಲ್ಲ. ಸ್ಪೇನಿನ ಮಾರ್ತಿ ಮಾರಿಯಾ ಅವರು 1998ರಿಂದ ಬೆಳೆಸಿದ ಲಿಟಲ್ ಸಿಎಂಎಸ್ ಎಂಬ ಇನ್ನೊಂದು ಲೈಬ್ರರಿಗೆ ಒಪ್ಪಿಸುತ್ತದೆ. ಎರಡೂ ಬಿಟ್ಟಿಯಾಗಿ ದೊರೆಯುವಂಥವು, ಯಾರು ಬೇಕಾದರೂ ಒಳಗನ್ನು ಓದಿ ನೋಡಬಹುದು.

ಲೈಬ್ರರಿಯೊಂದು ಪ್ರೊಫೈಲನ್ನು ಹೇಗೆ ಹಿಡಿದಿಟ್ಟುಕೊಳ್ಳಬೇಕು? ಇಲ್ಲಿ ಎರಡು ಪದ್ಧತಿಗಳಿವೆ. ಒಂದು, ಲಕೋಟೆ ಒಡೆಯದೆ ಇದ್ದ ಹಾಗೇ ಇಟ್ಟುಕೊಳ್ಳುವುದು. ಪಿಲ್ಲೋ ಚಿತ್ರವನ್ನು ತೆರೆದಾಗ ಒಳಗೆ ಪ್ರೊಫೈಲ್ ಕಂಡರೆ ಅದರ ಬೈಟುಗಳನ್ನು ಚಿತ್ರದ ವಿವರಗಳ ಪಟ್ಟಿಯಲ್ಲಿ ಐಸಿಸಿ ಪ್ರೊಫೈಲ್ ಎಂಬ ತಲೆಹೆಸರಿನ ಕೆಳಗೆ ಹಾಗೆಯೇ ಇಡುತ್ತದೆ. ಅರ್ಥವಾಗದಿದ್ದರೂ ಹಾಳು ಮಾಡುವುದಿಲ್ಲ, ಇದು ಈ ಪದ್ಧತಿಯ ಗುಣ. ಇನ್ನೊಂದು, ಬಿಚ್ಚಿ ಓದಿ ಬಾಬ್ತುವಾರು ಇಡುವುದು. ಪಿಲ್ಲೋದ ಇಮೇಜ್‌ಸಿಎಂಎಸ್ ಎಂಬ ಭಾಗಕ್ಕೆ ಆ ಬೈಟುಗಳನ್ನು ಕೊಟ್ಟರೆ ಪ್ರೊಫೈಲಿನ ವಿವರಣೆ, ಆವೃತ್ತಿ, ಯಂತ್ರದ ಬಗೆ, ಬಿಳಿಯ ಅಂಕೆ, ಕೆಂಪು ಹಸಿರು ನೀಲಿಯ ಅಂಕೆ ಎಲ್ಲವನ್ನೂ ಬೇರೆ ಬೇರೆಯಾಗಿ ಕೇಳಬಹುದು. ಬೈಟುಗಳನ್ನು ಜೋಪಾನ ಮಾಡುವುದು, ಬೇಕಾದಾಗ ಮಾತ್ರ ಬಿಚ್ಚುವುದು, ಇವೆರಡೂ ಇರಬೇಕೆಂದೇ ನನ್ನ ಅಭಿಪ್ರಾಯ. ಮೂಲ ಕಾಗದವನ್ನು ಕಡತದಲ್ಲಿಟ್ಟು ಸಾರಾಂಶವನ್ನು ರಿಜಿಸ್ಟರಿಗೆ ಏರಿಸುವ ಹಾಗೆ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ, ದಯವಿಟ್ಟು ಸ್ವಲ್ಪ ಗಮನವಿಟ್ಟು ಕೇಳಿ. ಚಿತ್ರದ ಪ್ರೊಫೈಲ್ ಬೇರೆ, ಪರದೆಯ ಪ್ರೊಫೈಲ್ ಬೇರೆ. ಚಿತ್ರದ್ದು ಈ ಅಂಕೆಗಳನ್ನು ಬರೆದ ಭಾಷೆ ಯಾವುದು ಎನ್ನುತ್ತದೆ. ಪರದೆಯದು ಈ ಗಾಜಿನ ಎದುರು ಕುಳಿತವನಿಗೆ ಯಾವ ಭಾಷೆಯಲ್ಲಿ ಹೇಳಬೇಕು ಎನ್ನುತ್ತದೆ. ಚಿತ್ರದ ಚೀಟಿ ಚಿತ್ರದ ಜೊತೆಗೇ ಊರೂರು ತಿರುಗಬೇಕು. ಪರದೆಯ ಚೀಟಿ ಆ ಪರದೆಯ ಬಳಿಯೇ ಇರಬೇಕು, ಚಿತ್ರವನ್ನು ತೋರಿಸುವ ಕಟ್ಟಕಡೆಯ ಗಳಿಗೆಯಲ್ಲಿ ಮಾತ್ರ ಅದನ್ನು ಬಳಸಬೇಕು. ಪರದೆಗೆಂದು ತಿರುಗಿಸಿದ ಅಂಕೆಗಳನ್ನು ಮತ್ತೆ ಚಿತ್ರದ ಕಡತಕ್ಕೆ ಬರೆದು ಹಳೆಯ ಚೀಟಿಯನ್ನೇ ಅಂಟಿಸಿದರೆ, ತೆಲುಗಿಗೆ ತಿರುಗಿಸಿದ ಕಾಗದಕ್ಕೆ ಕನ್ನಡ ಎಂದು ಹಣೆಪಟ್ಟಿ ಕಟ್ಟಿದಂತೆ. ಈ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ, ಪಕ್ಕದ ಕಂಪ್ಯೂಟರಿನಲ್ಲಿ ಕೆಡುತ್ತದೆ.

ಪರದೆಯ ಪ್ರೊಫೈಲನ್ನು ಕೇಳಿ ಪಡೆಯಲು ಇಮೇಜ್‌ಸಿಎಂಎಸ್‌ನಲ್ಲಿ ಒಂದು ಸಿದ್ಧ ಆಜ್ಞೆ ಇದೆ. ಆದರೆ ಅದಕ್ಕೆ ಪ್ರಾಯೋಗಿಕ ಎಂಬ ಹಣೆಪಟ್ಟಿ, ಮತ್ತು ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಉತ್ತರ ಕೊಡುತ್ತದೆ. ಬೇರೆಡೆ ಕೇಳಿದರೆ 'ಇಲ್ಲ' ಎನ್ನುತ್ತದೆ. ನಾನು ಇದನ್ನು ಕುಂದೆಂದು ಹೇಳಲಾರೆ. ಗೊತ್ತಿಲ್ಲದಿದ್ದಾಗ ಗೊತ್ತಿಲ್ಲವೆಂದು ಹೇಳುವ ಗುಮಾಸ್ತ, ಏನೋ ಒಂದು ಅಂಕೆ ತುಂಬಿ ಕಳಿಸುವ ಗುಮಾಸ್ತನಿಗಿಂತ ಮೇಲು. ಕಾರ್ಯಕ್ರಮ ಬರೆದವನು ಆ 'ಇಲ್ಲ'ವನ್ನು ನೋಡಿಕೊಂಡು, ಆಗ ಏನು ಮಾಡಬೇಕೆಂದು ತಾನೇ ತೀರ್ಮಾನಿಸಬೇಕು. ಎಸ್‌ಆರ್‌ಜಿಬಿ ಎಂದು ಭಾವಿಸುವುದೇ ವಾಡಿಕೆ. ಒಂದೇ ಕಂಪ್ಯೂಟರಿಗೆ ಎರಡು ಪರದೆ ಜೋಡಿಸಿದ್ದರೆ, ಉದಾಹರಣೆಗೆ ಶಾಲೆಯಲ್ಲಿ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಹಚ್ಚಿದಾಗ, ಎರಡಕ್ಕೂ ಬೇರೆ ಬೇರೆ ಪ್ರೊಫೈಲ್. ಕಿಟಕಿಯನ್ನು ಇದರಿಂದ ಅದಕ್ಕೆ ಎಳೆದರೆ ಲೆಕ್ಕ ಮತ್ತೆ ಹಾಕಬೇಕು. ಪರದೆ ಎಂದರೆ ಒಂದೇ ಎಂದು ನಂಬಿ ಬರೆದ ಕಾರ್ಯಕ್ರಮಗಳು ಇಲ್ಲಿ ಎಡವುತ್ತವೆ.

ಎಸ್‌ಆರ್‌ಜಿಬಿ ಎಂದು ಪದೇ ಪದೇ ಹೇಳಿದೆ. ಇದನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೂಚಿಸಿದವು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಆ ಕಾಲದ ಡಬ್ಬಿ ಟಿವಿಯಂಥ ಪರದೆಗಳು ತೋರಿಸಬಲ್ಲ ಬಣ್ಣಗಳನ್ನೇ ಅಳತೆ ಮಾಡಿಟ್ಟದ್ದು. ಎಲ್ಲ ಪರದೆಗಳೂ ಹೆಚ್ಚುಕಡಿಮೆ ಹಾಗೆಯೇ ಇದ್ದಾಗ ಚೀಟಿ ಇಲ್ಲದಿದ್ದರೂ ನಡೆಯುತ್ತಿತ್ತು. ಊರಿನಲ್ಲೆಲ್ಲ ಒಂದೇ ಭಾಷೆಯಿದ್ದರೆ ಯಾವ ಭಾಷೆ ಎಂದು ಬರೆಯುವವರಾರು? ಆಮೇಲೆ ಹೆಚ್ಚು ಬಣ್ಣ ತೋರಿಸುವ ಪರದೆಗಳು ಬಂದವು. ಆಪಲ್ ಕಂಪನಿ 2015ರಲ್ಲಿ ತನ್ನ ಐಮ್ಯಾಕಿನಲ್ಲಿ, 2016ರಲ್ಲಿ ಐಫೋನ್ 7ರಲ್ಲಿ ಡಿಸ್‌ಪ್ಲೇ ಪಿ3 ಎಂಬ ಅಗಲವಾದ ಬಣ್ಣದ ಹರವನ್ನು ತಂದಿತು. ಎಸ್‌ಆರ್‌ಜಿಬಿಗಿಂತ ಸುಮಾರು ಕಾಲುಭಾಗ ಹೆಚ್ಚು. ಗಡಿ ಹುಟ್ಟಿದ್ದು ಅಲ್ಲಿಂದ.

ಅಂಕೆಯಲ್ಲೇ ಹೇಳುತ್ತೇನೆ. ಎಸ್‌ಆರ್‌ಜಿಬಿಯ ತುಂಬು ಕೆಂಪು 255, 0, 0. ಅದೇ ಕೆಂಪನ್ನು ಡಿಸ್‌ಪ್ಲೇ ಪಿ3 ಭಾಷೆಯಲ್ಲಿ ಬರೆದರೆ 234, 51, 35. ನೋಡುವ ಕಣ್ಣಿಗೆ ಎರಡೂ ಒಂದೇ. ಈಗ ಆ ಚೀಟಿ ಕಳೆದುಹೋಯಿತು ಎನ್ನಿ. ಓದುವ ಕಂಪ್ಯೂಟರು 234, 51, 35 ಅನ್ನು ಎಸ್‌ಆರ್‌ಜಿಬಿ ಎಂದೇ ತಿಳಿದು ತೋರಿಸುತ್ತದೆ. ಕೆಂಪು ಇಳಿಯಿತು, ಹಸಿರೂ ನೀಲಿಯೂ ಅದರೊಳಗೆ ಸೇರಿದವು. ನೇಕಾರನ ಕುಂಕುಮ ಇಟ್ಟಿಗೆಯಾದದ್ದು ಹೀಗೆ.

ಚೀಟಿ ಕಳೆಯುವುದು ಎಲ್ಲಿ? ಹೆಚ್ಚಾಗಿ ಕಡತ ಉಳಿಸುವಾಗ. ಅಂಗಡಿಯವರ ಕಾರ್ಯಕ್ರಮ ಚಿತ್ರವನ್ನು ಪಡೆದು, ಕಿರಿದು ಮಾಡಿ, ಮತ್ತೆ ಜೆಪೆಗ್ ಕಡತವಾಗಿ ಉಳಿಸುತ್ತದೆ. ಪಿಲ್ಲೋದಲ್ಲಿ ಜೆಪೆಗ್ ಉಳಿಸುವಾಗ ಪ್ರೊಫೈಲನ್ನೂ ಸೇರಿಸು ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಪ್ರೊಫೈಲಿಲ್ಲದೆ ಬರೆಯುತ್ತದೆ. ಪಿಎನ್‌ಜಿ ಎಂಬ ಇನ್ನೊಂದು ನಮೂನೆಯಲ್ಲಾದರೆ ಹೇಳದಿದ್ದರೂ ಜೊತೆಗಿದ್ದ ಪ್ರೊಫೈಲನ್ನು ಬರೆಯುತ್ತದೆ. ಒಂದೇ ಲೈಬ್ರರಿಯೊಳಗೆ ಎರಡು ಕೌಂಟರಿಗೆ ಎರಡು ನಿಯಮ! ಈ ನಿಯಮವನ್ನು ಅವರು ಕೈಪಿಡಿಯಲ್ಲಿ ಬಚ್ಚಿಡದೆ ಬರೆದಿದ್ದಾರೆ. ಆದರೆ ಕೈಪಿಡಿಯನ್ನು ಪೂರ್ತಿ ಓದುವವರು ಎಷ್ಟು ಮಂದಿ? ಚಿತ್ರ ಕಿರಿದಾಗಿ ಬಂದರೆ ಸಾಕು, ಕೆಲಸವಾಯಿತು ಎಂದು ಎದ್ದು ಹೋಗುತ್ತಾರೆ. ಜೆಪೆಗ್ ಕಡತದಲ್ಲಿ ಪ್ರೊಫೈಲ್ ಇಡುವುದಕ್ಕೇನೂ ಜಾಗದ ಕೊರತೆಯಿಲ್ಲ. ಒಂದು ತುಂಡಿನಲ್ಲಿ 65,519 ಬೈಟ್ ಹಿಡಿಸುತ್ತದೆ. ಹೆಚ್ಚಾದರೆ ಮೂರರಲ್ಲಿ ಒಂದನೆಯದು, ಎರಡನೆಯದು ಎಂದು ಪುಟಸಂಖ್ಯೆ ಹಾಕಿ ಮುಂದುವರಿಸಬಹುದು. ಎಸ್‌ಆರ್‌ಜಿಬಿಯ ಹೆಸರಾಂತ ಹಳೆಯ ಪ್ರೊಫೈಲ್ 3,144 ಬೈಟ್, ಆಪಲಿನ ಪಿ3 ಪ್ರೊಫೈಲ್ ಐನೂರು ಚಿಲ್ಲರೆ ಬೈಟ್ ಅಷ್ಟೇ. ಇಷ್ಟು ಸಣ್ಣ ಚೀಟಿಯನ್ನು ಉಳಿತಾಯದ ಹೆಸರಿನಲ್ಲಿ ಹರಿದು ಬಿಸಾಡುವುದು ಅಂಚೆ ಚೀಟಿ ಉಳಿಸಲು ವಿಳಾಸ ಬರೆಯದೆ ಕಾಗದ ಹಾಕಿದಂತೆ.

ಚೀಟಿಯನ್ನು ಕಾಪಾಡುವುದು ಒಂದು ದಾರಿ. ಇನ್ನೊಂದು ದಾರಿ, ಅಂಕೆಗಳನ್ನೇ ಎಸ್‌ಆರ್‌ಜಿಬಿಗೆ ತಿರುಗಿಸಿ ಕಳಿಸುವುದು. ಇಲ್ಲಿ ಎರಡು ಕ್ರಿಯೆಗಳನ್ನು ಬೆರೆಸಬಾರದು. ಚೀಟಿ ಬದಲಿಸಿದರೆ ಅಂಕೆ ಅದೇ ಉಳಿದು ಬಣ್ಣ ಬದಲಾಗುತ್ತದೆ. ತಿರುಗಿಸಿದರೆ ಅಂಕೆ ಬದಲಾಗಿ ಬಣ್ಣ ಅದೇ ಉಳಿಯುತ್ತದೆ. 'ಅವಸರಂ' ಎಂಬುದರ ಮೇಲೆ ಇದ್ದ ತೆಲುಗು ಎಂಬ ಗುರುತು ಅಳಿಸಿ ಕನ್ನಡ ಎಂದು ಬರೆಯುವುದು ಮೊದಲನೆಯದು. ಅದನ್ನು 'ಅಗತ್ಯ' ಎಂದು ಬರೆಯುವುದು ಎರಡನೆಯದು. ಎರಡಕ್ಕೂ ಬೇರೆ ಬೇರೆ ಹೆಸರಿನ ಆಜ್ಞೆಗಳಿರುವ ಲೈಬ್ರರಿಯೇ ಒಳ್ಳೆಯ ಲೈಬ್ರರಿ. ಮತ್ತೆ ಮತ್ತೆ ತಿರುಗಿಸುವುದೂ ಬೇಡ, ಪ್ರತಿ ಸಲವೂ ಪೈಸೆಯನ್ನು ರೂಪಾಯಿಗೆ ದುಂಡು ಮಾಡಿದಂತೆ ಸ್ವಲ್ಪ ಸ್ವಲ್ಪ ಕಳೆಯುತ್ತದೆ. ನೂರಾರು ಚಿತ್ರಗಳಿದ್ದರೆ ತಿರುಗಿಸುವ ಕೋಷ್ಟಕವನ್ನು ಒಮ್ಮೆ ಕಟ್ಟಿಕೊಂಡು ಎಲ್ಲಕ್ಕೂ ಅದನ್ನೇ ಹಚ್ಚುವ ಅನುಕೂಲ ಇಮೇಜ್‌ಸಿಎಂಎಸ್‌ನಲ್ಲಿದೆ.

ಅಗಲವಾದದ್ದನ್ನು ಇಕ್ಕಟ್ಟಾದುದರಲ್ಲಿ ಹಿಡಿಸುವಾಗ ತೊಡಕೊಂದು ಬರುತ್ತದೆ. ಆ ಕಡೆಯ ಭಾಷೆಯಲ್ಲಿ ಶಬ್ದವೇ ಇಲ್ಲದಿದ್ದರೆ ಏನು ಮಾಡುವುದು? ಇದಕ್ಕೆ ನಾಲ್ಕು ಬಗೆಯ ಅಪ್ಪಣೆಗಳಿವೆ, ಅವಕ್ಕೆ 0ಯಿಂದ 3ರ ವರೆಗೆ ಅಂಕೆ. ಎಲ್ಲ ಬಣ್ಣಗಳನ್ನೂ ಸಮನಾಗಿ ಒತ್ತಿ ಹೊಂದಿಸುವುದು ಮೊದಲನೆಯದು. ಹಿಡಿಸುವುದನ್ನು ಸರಿಯಾಗಿಟ್ಟು ಮೀರಿದ್ದನ್ನು ಮಾತ್ರ ಅಂಚಿಗೆ ತರುವುದು ಎರಡನೆಯದು. ಬಣ್ಣ ಗಾಢವಾಗಿ ಕಂಡರೆ ಸಾಕು ಎನ್ನುವುದು ಮೂರನೆಯದು. ಬಿಳಿಯನ್ನೂ ಹೊಂದಿಸದೆ ಇದ್ದದ್ದನ್ನು ಇದ್ದಂತೆಯೇ ಇಡಬೇಕೆನ್ನುವುದು ನಾಲ್ಕನೆಯದು. ಸೀರೆ ಮಾರುವವರಿಗೆ ಎರಡನೆಯದು ಹೆಚ್ಚು ಸರಿ ಎಂದು ನನಗನಿಸುತ್ತದೆ, ಹಿಡಿಸುವ ಬಣ್ಣಗಳನ್ನಾದರೂ ಅದು ಮುಟ್ಟುವುದಿಲ್ಲ. ಆದರೆ ಅಂಚಿನಲ್ಲಿರುವ ಎರಡು ಬಗೆಯ ಗಿಳಿಹಸಿರು ಒಂದೇ ಆಗಿ ಕಾಣುವ ಅಪಾಯವಿದೆ.

ಇವೆಲ್ಲ ಬಣ್ಣ ಮಾಸುವ ಮಾತು. ಪ್ರೊಫೈಲನ್ನು ಅಲಕ್ಷ್ಯ ಮಾಡಿ ಮೊಬೈಲೇ ಕೆಟ್ಟು ಕೂತ ಪ್ರಸಂಗವೂ ಉಂಟು. 2020ರ ನಡುವಿನಲ್ಲಿ ಅಮೆರಿಕದ ಒಂದು ಸರೋವರದ ಸುಂದರ ಚಿತ್ರ ಲೋಕವೆಲ್ಲ ಹರಡಿತು. ಆಂಡ್ರಾಯ್ಡ್ 10 ಇದ್ದ ಕೆಲವು ಸ್ಯಾಮ್‌ಸಂಗ್, ಗೂಗಲ್ ಪಿಕ್ಸೆಲ್ ಮೊಬೈಲುಗಳಲ್ಲಿ ಅದನ್ನು ಪರದೆಯ ಹಿನ್ನೆಲೆಯಾಗಿ ಇಟ್ಟ ಕೂಡಲೇ ಮೊಬೈಲು ಮಿಣುಕಿ ಆರಿ, ಮತ್ತೆ ಮಿಣುಕಿ ಆರಿ, ಕೈಗೇ ಸಿಗಲಿಲ್ಲ. ಕೆಲವರು ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡಬೇಕಾಯಿತು. ಚಿತ್ರ ತೆಗೆದವರ ತಪ್ಪೇನೂ ಇರಲಿಲ್ಲ. ಅವರು ಚಿತ್ರವನ್ನು ಪ್ರೋಫೋಟೋ ಆರ್‌ಜಿಬಿ ಎಂಬ ಬಹಳ ಅಗಲವಾದ ಪ್ರೊಫೈಲಿನಲ್ಲಿ ಉಳಿಸಿದ್ದರು, ಅಷ್ಟೇ. ಮೊಬೈಲಿನ ಒಳಗಿನ ಕಾರ್ಯಕ್ರಮ ಪ್ರತಿ ಚುಕ್ಕೆಯ ಬೆಳಕನ್ನು ಲೆಕ್ಕ ಹಾಕಿ 0ಯಿಂದ 255ರ ವರೆಗಿನ 256 ಮನೆಗಳಲ್ಲಿ ಗೀಟು ಎಳೆಯುತ್ತಿತ್ತು. ಬಂದ ಚಿತ್ರ ಎಸ್‌ಆರ್‌ಜಿಬಿಯೇ ಎಂದು ಭಾವಿಸಿ ತಿರುಗಿಸದೆ ಲೆಕ್ಕ ಹಾಕಿತು. ಒಂದು ಚುಕ್ಕೆಯ ಮೊತ್ತ 255ನ್ನು ದಾಟಿತು. ಲೆಡ್ಜರಿನಲ್ಲಿ ಇಲ್ಲದ ಕಲಮಿಗೆ ಬರೆಯಲು ಹೋದಂತಾಗಿ ಕಾರ್ಯಕ್ರಮ ಬಿತ್ತು. ಮತ್ತೆ ಎದ್ದಿತು, ಅದೇ ಚಿತ್ರ ಕಂಡಿತು, ಮತ್ತೆ ಬಿತ್ತು. ಮುಂದಿನ ಆಂಡ್ರಾಯ್ಡ್ 11ರಲ್ಲಿ ಮೊದಲು ಎಸ್‌ಆರ್‌ಜಿಬಿಗೆ ತಿರುಗಿಸಿ ಆಮೇಲೆ ಲೆಕ್ಕ ಹಾಕುವ ಏರ್ಪಾಡಾಯಿತು.

ಪ್ರೊಫೈಲ್ ಹಾಕಿದರೆ ಕೆಟ್ಟ ಪರದೆ ಒಳ್ಳೆಯದಾಗುತ್ತದೆಯೇ ಎಂದು ಕೆಲವರು ಕೇಳುವುದುಂಟು. ಪಾಸ್‌ಬುಕ್ಕಿನಲ್ಲಿ ಬರೆಸಿದ ಮಾತ್ರಕ್ಕೆ ಖಾತೆಯಲ್ಲಿ ಹಣ ಹೆಚ್ಚುವುದಿಲ್ಲ, ಇರುವುದು ಎಷ್ಟು ಎಂದು ತಿಳಿಯುತ್ತದೆ. ಪ್ರೊಫೈಲೂ ಹಾಗೆಯೇ. ಪರದೆಯ ಮೇಲೆ ಒಂದು ಅಳತೆಯ ಉಪಕರಣ ಅಂಟಿಸಿ, ಒಂದೊಂದೇ ಬಣ್ಣ ತೋರಿಸಿ, ಬಂದ ಬೆಳಕನ್ನು ಅಳೆದು ಆ ಪರದೆಯದೇ ಪ್ರೊಫೈಲ್ ತಯಾರಿಸುತ್ತಾರೆ. ಪರದೆಗೆ ವಯಸ್ಸಾದಂತೆ ಬಣ್ಣ ಜಾರುತ್ತದೆ, ಆಗ ಮತ್ತೆ ಅಳೆಯಬೇಕು. ಹಳೆಯ ಪ್ರೊಫೈಲ್ ಹಳೆಯ ಬ್ಯಾಲೆನ್ಸ್ ಇದ್ದಂತೆ.

ಇತ್ತೀಚಿನ ಒಂದು ಸುದ್ದಿ ಹೇಳಬೇಕು. ಸಾವಿರಾರು ಬೈಟಿನ ಚೀಟಿಯ ಬದಲು ಹೆಸರಾಂತ ಭಾಷೆಗಳಿಗೆ ಒಂದೊಂದು ಸಂಕೇತಸಂಖ್ಯೆ ಕೊಟ್ಟರೆ ಸಾಲದೇ ಎಂಬ ಯೋಚನೆ ವಿಡಿಯೋದವರಲ್ಲಿ ಮೊದಲಿನಿಂದ ಇತ್ತು. 2025ರ ಜೂನಿನಲ್ಲಿ ಹೊರಬಂದ ಪಿಎನ್‌ಜಿ ಮಾನಕದ ಮೂರನೆಯ ಆವೃತ್ತಿ ಇದನ್ನು ಚಿತ್ರಗಳಿಗೂ ತಂದಿತು. ಬರೀ ನಾಲ್ಕು ಬೈಟ್. 12, 13, 0, 1 ಎಂದು ಬರೆದರೆ ಡಿಸ್‌ಪ್ಲೇ ಪಿ3 ಎಂದಾಯಿತು. ಬ್ಯಾಂಕಿನ ಶಾಖೆಗೆ ವಿಳಾಸದ ಬದಲು ಕೋಡ್ ನಂಬರು ಬಂದ ಹಾಗೆ. ಎಲ್ಲರೂ ಒಪ್ಪಿದ ಬಣ್ಣದ ಹರವುಗಳಿಗೆ ಇದು ಸಾಕು. ಆದರೆ ನಿಮ್ಮ ಮೇಜಿನ ಮೇಲಿರುವ, ಮೂರು ವರ್ಷ ಬಿಸಿಲು ಧೂಳು ಕಂಡ ಆ ಒಂದು ಪರದೆಗೆ ಯಾರೂ ಕೋಡ್ ಕೊಟ್ಟಿರುವುದಿಲ್ಲ. ಅದಕ್ಕೆ ಅಳೆದು ಬರೆದ ಪೂರ್ತಿ ಪ್ರೊಫೈಲೇ ಬೇಕು.

ಸೀರೆಯ ಚಿತ್ರ ಕಳಿಸುವವರಿಗೆ ಎರಡು ಮಾತು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಬರೆಯುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಕಡತ ಇದ್ದಂತೆಯೇ, ಚೀಟಿ ಸಮೇತ, ಹೋಗುತ್ತದೆ. ಮತ್ತು ಸಾಧ್ಯವಿದ್ದಷ್ಟು ಚಿತ್ರವನ್ನು ಹಗಲು ಬೆಳಕಿನಲ್ಲಿ, ಬಿಳಿ ಪಂಚೆಯ ಒಂದು ತುದಿ ಪಕ್ಕದಲ್ಲಿ ಕಾಣುವಂತೆ ತೆಗೆಯಿರಿ. ಬಲ್ಬಿನ ಹಳದಿ ಬೆಳಕು ಮೊದಲೇ ಸೀರೆಯ ಮೇಲೆ ಕೂತಿದ್ದರೆ ಯಾವ ಪ್ರೊಫೈಲೂ ಅದನ್ನು ಒರೆಸಲಾರದು. ಪಂಚೆ ಬೆಳ್ಳಗೆ ಕಂಡಿತೇ ಎಂದು ಗಿರಾಕಿಯನ್ನು ಕೇಳಿ, ಅಲ್ಲಿಗೆ ಅರ್ಧ ಪರೀಕ್ಷೆ ಮುಗಿಯಿತು.

ಫ್ಲೆಕ್ಸ್ ಮತ್ತು ಕಾಗದದ ಮೇಲೆ ಅಚ್ಚಾಗುವ ಬಣ್ಣಕ್ಕೆ ಮೂರಲ್ಲ, ನಾಲ್ಕು ಅಂಕೆ. ಅದರ ಲೆಕ್ಕವೂ ಬೇರೆ. ಅದನ್ನು ಇನ್ನೊಂದು ದಿನ ನೋಡೋಣ.